ಮುಚ್ಚಿಡುವ ನಿರೂಪಕ, ತೋರಿಸಿಬಿಡುವ ಕ್ಯಾಮೆರಾ

(ಇತ್ತೀಚಿನ ಬ್ರಿಟಿಷ್ ಕಾದಂಬರಿಗಳನ್ನು ಆಧರಿಸಿದ ಚಲನಚಿತ್ರಗಳ ಕುರಿತ ಉಪನ್ಯಾಸದ ಬರಹ ರೂಪ. ಮಾತಿನ ನಡುವೆ ತೋರಿಸಿದ ದೃಶ್ಯಗಳ ಬದಲಿಗೆ ಇಲ್ಲಿ ಅವುಗಳ ವರ್ಣನೆ ಇದೆ. ಕಥೆಗಳ ಕೊನೆಯ ಗುಟ್ಟುಗಳನ್ನೂ ಬಿಚ್ಚಿಟ್ಟಿದ್ದೇನೆ. ಅವನ್ನು ಮುಟ್ಟದೆ ಈ ವಿಷಯವನ್ನು ಮಾತಾಡಲು ಬರುವುದಿಲ್ಲ.)

ಸ್ನೇಹಿತರೇ,

ಕಾದಂಬರಿಯೊಂದು ಸಿನಿಮಾ ಆಯಿತು ಎಂದರೆ ಓದಿದವರು ಮೊದಲು ಕೇಳುವುದು, ಏನೇನು ಬಿಟ್ಟಿದ್ದಾರೆ ಎಂದು. ಬಿಡಲೇಬೇಕಾಗುತ್ತದೆ, ಲೆಕ್ಕವೇ ಹಾಗಿದೆ. ಚಿತ್ರಕಥೆಯ ಒಂದು ಪುಟಕ್ಕೆ ತೆರೆಯ ಮೇಲೆ ಸುಮಾರು ಒಂದು ನಿಮಿಷ. ಎರಡು ಗಂಟೆಯ ಚಿತ್ರಕ್ಕೆ 120 ಪುಟ. ಆ ಪುಟಗಳಲ್ಲೂ ಸಂಭಾಷಣೆ ನಡುವೆ ಕಿರಿದಾಗಿ ಕೂತಿರುತ್ತದೆ, ಸುತ್ತ ಖಾಲಿ ಜಾಗವೇ ಹೆಚ್ಚು. ಎಲ್ಲ ಸೇರಿಸಿದರೂ ಇಪ್ಪತ್ತು ಇಪ್ಪತ್ತೈದು ಸಾವಿರ ಪದ ದಾಟುವುದು ಕಷ್ಟ. ಲಕ್ಷ ಪದಗಳ ಕಾದಂಬರಿ ಎಂದರೆ ನಾಲ್ಕರಲ್ಲಿ ಮೂರು ಪಾಲು ಮೊದಲೇ ಹೋಯಿತು. ಹೀಗಾಗಿ ಬಿಟ್ಟದ್ದರ ಪಟ್ಟಿ ಮಾಡಿ ನಮಗೆ ಹೆಚ್ಚೇನೂ ಸಿಗುವುದಿಲ್ಲ.

ನಾನು ಕೇಳಬೇಕೆಂದಿರುವ ಪ್ರಶ್ನೆ ಬೇರೆ. ಕಾದಂಬರಿಯಲ್ಲಿ ಕಥೆ ಹೇಳುತ್ತಿದ್ದವರು ಸಿನಿಮಾದಲ್ಲಿ ಎಲ್ಲಿಗೆ ಹೋದರು? ಅವರು ಓದುಗರಿಂದ ಮುಚ್ಚಿಟ್ಟಿದ್ದು ಏನಾಯಿತು?

1980ರ ದಶಕದಿಂದ ಈಚೆಗಿನ ಬ್ರಿಟಿಷ್ ಕಾದಂಬರಿಗೆ ಈ ಪ್ರಶ್ನೆ ತುಂಬ ಹೊಂದುತ್ತದೆ. ಕಜುವೊ ಇಷಿಗುರೊ, ಇಯಾನ್ ಮೆಕ್‌ಈವನ್, ಜೂಲಿಯನ್ ಬಾರ್ನ್ಸ್, ಜೋಯಿ ಹೆಲ್ಲರ್, ಇವರ ಮುಖ್ಯ ಕೃತಿಗಳಲ್ಲಿ ನಿರೂಪಕರ ಮಾತನ್ನು ಪೂರ್ತಿ ನಂಬುವ ಹಾಗಿಲ್ಲ. ಕೆಲವರು ತಮಗೆ ತಾವೇ ಸುಳ್ಳು ಹೇಳಿಕೊಳ್ಳುತ್ತಾರೆ, ಕೆಲವರಿಗೆ ಮರೆತುಹೋಗಿದೆ, ಒಬ್ಬಳಂತೂ ಬೇಕೆಂದೇ ಕಥೆಯನ್ನು ತಿದ್ದಿ ಬರೆದಿದ್ದಾಳೆ. ಓದುಗರಿಗೆ ಸತ್ಯ ಸಿಗುವುದು ಅವರ ವಾಕ್ಯಗಳ ಸಂದಿಯಿಂದ. ಕ್ಯಾಮೆರಾಗೆ ಅಂಥ ಸಂದಿಗಳಿಲ್ಲ. ಎದುರಿಗೆ ಇಟ್ಟದ್ದನ್ನೆಲ್ಲ ಅದು ತೋರಿಸಿಬಿಡುತ್ತದೆ. ಇಲ್ಲಿ ಗೆದ್ದ ಚಿತ್ರಗಳೆಲ್ಲ ನಿರೂಪಕರ ಬದಲಿಗೆ ಕಣ್ಣಿಗೆ ಕಾಣುವ ಅಥವಾ ಕಿವಿಗೆ ಕೇಳುವ ಒಂದು ವಸ್ತುವನ್ನು ಹುಡುಕಿಕೊಂಡಿವೆ ಎಂಬುದು ನನ್ನ ಮಾತಿನ ತಿರುಳು. ಹುಡುಕದ ಚಿತ್ರಗಳು ಕಥೆಯನ್ನು ಉಳಿಸಿಕೊಂಡು ಕಾದಂಬರಿಯನ್ನು ಕಳೆದುಕೊಂಡಿವೆ.

ಮೊದಲು ಇಷಿಗುರೊ ಅವರ 'ದಿ ರಿಮೇನ್ಸ್ ಆಫ್ ದಿ ಡೇ'. 1989ರ ಬುಕರ್ ಪ್ರಶಸ್ತಿ ಪಡೆದ ಕಾದಂಬರಿ. ಸ್ಟೀವನ್ಸ್ ಎಂಬ ಹಿರಿಯ ಬಟ್ಲರ್ 1956ರ ಜುಲೈಯಲ್ಲಿ ಯಜಮಾನನ ಕಾರು ತೆಗೆದುಕೊಂಡು ಇಂಗ್ಲೆಂಡಿನ ಪಶ್ಚಿಮಕ್ಕೆ ಹೊರಡುತ್ತಾನೆ. ಹಿಂದೆ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಮಿಸ್ ಕೆಂಟನ್ ಅವರನ್ನು ಕಾಣಬೇಕು. ದಾರಿಯುದ್ದಕ್ಕೂ ಹಳೆಯದನ್ನು ನೆನೆಯುತ್ತಾನೆ. ಅಧ್ಯಾಯಗಳಿಗೆ ದಿನ ಮತ್ತು ಊರಿನ ಹೆಸರುಗಳೇ ತಲೆಬರಹ: ಮೊದಲ ದಿನ ಸಾಲ್ಸ್‌ಬರಿ, ಮೂರನೆಯ ದಿನ ಟಾಂಟನ್, ಹೀಗೆ. ಆದರೆ ನಾಲ್ಕನೆಯ ದಿನದ ನಂತರ ಬರುವುದು ಆರನೆಯ ದಿನ. ಐದನೆಯ ದಿನ ಪುಸ್ತಕದಲ್ಲೇ ಇಲ್ಲ. ನಾಲ್ಕನೆಯ ದಿನ ಕಾರ್ನ್‌ವಾಲಿನ ಹೋಟೆಲಿನಲ್ಲಿ ಆಕೆಯನ್ನು ಕಾಯುತ್ತ ಕೂತವನು ಆ ಭೇಟಿಯ ವಿಷಯ ಎತ್ತುವುದು ಎರಡು ದಿನ ಕಳೆದು, ವೇಮತ್ ಊರಿನ ಸಮುದ್ರದಂಡೆಯಲ್ಲಿ. ನಡುವಿನ ಆ ಒಂದು ದಿನ ಅವನಿಗೆ ಬರೆಯಲು ಆಗಲಿಲ್ಲ ಎಂಬುದನ್ನು ಇಷಿಗುರೊ ವಿಷಯಸೂಚಿಯಲ್ಲೇ ಹೇಳಿಬಿಟ್ಟಿದ್ದಾರೆ.

ಸಿನಿಮಾ ಬಂದದ್ದು 1993ರಲ್ಲಿ. ನಿರ್ದೇಶನ ಜೇಮ್ಸ್ ಐವರಿ, ನಿರ್ಮಾಪಕರಲ್ಲಿ ಮುಂಬೈ ಮೂಲದ ಇಸ್ಮಾಯಿಲ್ ಮರ್ಚೆಂಟ್, ಚಿತ್ರಕಥೆ ದಿಲ್ಲಿಯಲ್ಲಿ ವರ್ಷಾನುಗಟ್ಟಲೆ ಬಾಳಿದ, ಸ್ವತಃ ಬುಕರ್ ಗೆದ್ದ ಕಾದಂಬರಿಕಾರ್ತಿ ರೂತ್ ಪ್ರಾವರ್ ಝಬ್‌ವಾಲಾ ಅವರದು. ಅದಕ್ಕೂ ಮೊದಲು ಮೈಕ್ ನಿಕಲ್ಸ್ ನಿರ್ದೇಶಿಸಬೇಕಿದ್ದ ಕಾಲದಲ್ಲಿ ಹೆರಾಲ್ಡ್ ಪಿಂಟರ್ ಒಂದು ಚಿತ್ರಕಥೆ ಬರೆದಿದ್ದರು. ಮುಂದೆ ನಿಕಲ್ಸ್ ನಿರ್ಮಾಪಕರಾಗಿ ಉಳಿದರು, ಬರವಣಿಗೆ ಝಬ್‌ವಾಲಾ ಅವರ ಕೈಗೆ ಬಂತು, ಪಿಂಟರ್ ತಮ್ಮ ಹೆಸರು ಹಾಕಬೇಡಿ ಎಂದರು. ಚಿತ್ರ ಎಂಟು ಆಸ್ಕರ್ ನಾಮನಿರ್ದೇಶನ ಪಡೆಯಿತು, ಒಂದನ್ನೂ ಗೆಲ್ಲಲಿಲ್ಲ.

ಝಬ್‌ವಾಲಾ ಮಾಡಿದ ದೊಡ್ಡ ಕತ್ತರಿ ಕೆಲಸವನ್ನು ನೋಡಿ. ಕಾದಂಬರಿಯಲ್ಲಿ ಇಬ್ಬರು ಅಮೆರಿಕನ್ನರಿದ್ದಾರೆ. ಸ್ಟೀವನ್ಸ್‌ನ ಹಿಂದಿನ ಯಜಮಾನ ಲಾರ್ಡ್ ಡಾರ್ಲಿಂಗ್ಟನ್ ತಮ್ಮ ಮನೆಯಲ್ಲಿ ನಡೆಸಿದ 1923ರ ರಾಜಕೀಯ ಸಮ್ಮೇಳನಕ್ಕೆ ಬಂದು, ನೀವೆಲ್ಲ ರಾಜಕೀಯದಲ್ಲಿ ಹವ್ಯಾಸಿಗಳು ಎಂದು ಊಟದ ಮೇಜಿನಲ್ಲೇ ಹೇಳುವ ಲೂಯಿಸ್ ಒಬ್ಬ. ಯುದ್ಧದ ನಂತರ ಆ ಮನೆ ಕೊಳ್ಳುವ ಫ್ಯಾರಡೇ ಇನ್ನೊಬ್ಬ. ಚಿತ್ರದಲ್ಲಿ ಇಬ್ಬರೂ ಸೇರಿ ಒಬ್ಬನೇ ಲೂಯಿಸ್, ಪಾತ್ರಧಾರಿ ಕ್ರಿಸ್ಟೊಫರ್ ರೀವ್. ಸಮ್ಮೇಳನವೂ 1930ರ ದಶಕಕ್ಕೆ ಸರಿಯುತ್ತದೆ. ಇದರಿಂದ ಲಾಭವೇನು ಎಂದರೆ, ಒಂದು ಕಾಲದಲ್ಲಿ ಎಚ್ಚರಿಕೆ ಹೇಳಿದವನೇ ಮುಂದೆ ಮನೆಯ ಒಡೆಯನಾಗಿ ಬಂದಾಗ ಪ್ರೇಕ್ಷಕರಿಗೆ ಯಾವ ವಿವರಣೆಯೂ ಬೇಡ. ನಷ್ಟವೂ ಇದೆ. ಕಾದಂಬರಿಯ ಲಾರ್ಡ್ ಡಾರ್ಲಿಂಗ್ಟನ್ 1923ರಲ್ಲಿ ಸೋತ ಜರ್ಮನಿಗೆ ನ್ಯಾಯ ಸಿಗಲಿ ಎಂದು ಬಯಸುವ ಒಳ್ಳೆಯ ಮನುಷ್ಯ. ಆ ಒಳ್ಳೆಯತನವೇ ಹತ್ತು ಹನ್ನೆರಡು ವರ್ಷಗಳಲ್ಲಿ ನಾಜಿಗಳ ಕೈಗೆ ಸಿಕ್ಕ ಉಪಕರಣವಾಗುತ್ತದೆ. ಕಾಲವನ್ನು ಕುಗ್ಗಿಸಿದ ಚಿತ್ರದಲ್ಲಿ ಅವರು ಮೊದಲ ನೋಟಕ್ಕೇ ದಾರಿ ತಪ್ಪಿದವರಂತೆ ಕಾಣುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ಕಥೆಯ ರಾಜಕೀಯ ಪಾಠವನ್ನೇ ತೆಳುವಾಗಿಸಿದ ಬದಲಾವಣೆ.

ಆದರೂ ಇದು ಎರಡನೆಯ ದರ್ಜೆಯ ಸಮಸ್ಯೆ. ಮೊದಲನೆಯದು ಸ್ಟೀವನ್ಸ್‌ನ ಮುಖ. ಕಾದಂಬರಿಯಲ್ಲಿ ಅವನಿಗೆ ಮುಖವೇ ಇಲ್ಲ, ದನಿ ಮಾತ್ರ. ಸಮ್ಮೇಳನದ ರಾತ್ರಿ ಮಹಡಿಯಲ್ಲಿ ಅವನ ತಂದೆ ಸಾಯುತ್ತಾರೆ. ಕೆಳಗೆ ಅವನು ಅತಿಥಿಗಳಿಗೆ ಮದ್ಯ ಬಡಿಸುತ್ತಲೇ ಇರುತ್ತಾನೆ. ತಾನು ಅತ್ತಿದ್ದಾಗಿ ಎಲ್ಲಿಯೂ ಬರೆಯುವುದಿಲ್ಲ. ಲಾರ್ಡ್ ಡಾರ್ಲಿಂಗ್ಟನ್ ಹತ್ತಿರ ಬಂದು, ನೀನು ಅಳುತ್ತಿರುವ ಹಾಗೆ ಕಾಣುತ್ತದಲ್ಲ ಎನ್ನುತ್ತಾರೆ. ಸ್ಟೀವನ್ಸ್ ಕರವಸ್ತ್ರ ತೆಗೆದು ಮುಖ ಒರೆಸಿ, ದಿನವಿಡೀ ಕೆಲಸದ ಒತ್ತಡ ಎಂದು ಕ್ಷಮೆ ಕೇಳುತ್ತಾನೆ. ಬೇರೆಯವರ ಬಾಯಿಂದ ಬಿದ್ದ ಆ ಒಂದು ಮಾತಿನಿಂದಲೇ ನಮಗೆ ಅವನ ಕಣ್ಣೀರು ಕಾಣಬೇಕು. ಇಂಥ ಉಪಾಯ ಬರಹಕ್ಕೆ ಮಾತ್ರ ಸಾಧ್ಯ. ತೆರೆಯ ಮೇಲೆ ಆಂಟನಿ ಹಾಪ್ಕಿನ್ಸ್ ಅವರ ಮುಖ ಮೊದಲ ಕ್ಷಣದಿಂದಲೇ ನಮ್ಮೆದುರಿಗಿದೆ. ಅವರು ಎಷ್ಟೇ ಬಿಗಿಹಿಡಿದರೂ ಕಣ್ಣಿನ ಅಂಚು, ಗಂಟಲಿನ ಒಂದು ಚಲನೆ, ಎಲ್ಲವೂ ಕಾಣುತ್ತದೆ. ಅಲ್ಲಿಗೆ ಒಂದು ಮೂಲಭೂತ ಬದಲಾವಣೆ ಆಗಿಹೋಯಿತು. ಕಾದಂಬರಿಯ ಸ್ಟೀವನ್ಸ್ ತನ್ನನ್ನೇ ವಂಚಿಸಿಕೊಂಡವನು, ಚಿತ್ರದ ಸ್ಟೀವನ್ಸ್ ಎಲ್ಲ ಗೊತ್ತಿದ್ದೂ ಅದುಮಿಟ್ಟುಕೊಂಡವನು. ಓದುವಾಗ ಅವನ ಮೇಲೆ ಅನುಮಾನ ಬೆಳೆಯುತ್ತ ಹೋಗುತ್ತದೆ, ನೋಡುವಾಗ ಕನಿಕರ.

ಇನ್ನೂ ನಿಖರವಾದ ಉದಾಹರಣೆ ಮಿಸ್ ಕೆಂಟನ್ ಅಳುವ ದೃಶ್ಯ. ಕಾದಂಬರಿಯಲ್ಲಿ ಸ್ಟೀವನ್ಸ್‌ಗೆ ಒಂದು ನೆನಪಿದೆ: ಆಕೆಯ ಕೋಣೆಯ ಹೊರಗೆ ನಿಂತಿದ್ದೆ, ಒಳಗೆ ಆಕೆ ಅಳುತ್ತಿರಬೇಕು ಎನಿಸಿತ್ತು. ಮೊದಲು ಅದು ಆಕೆಯ ಚಿಕ್ಕಮ್ಮ ತೀರಿಕೊಂಡ ಸುದ್ದಿ ಬಂದ ದಿನ ಎನ್ನುತ್ತಾನೆ. ಬಹಳ ಪುಟಗಳ ನಂತರ, ಅಲ್ಲ, ಅದು ಬೇರೊಂದು ರಾತ್ರಿ ಎಂದು ತಿದ್ದುತ್ತಾನೆ. ಆಕೆ ಬೇರೊಬ್ಬನನ್ನು ಮದುವೆಯಾಗಲು ಒಪ್ಪಿದ್ದೇನೆ ಎಂದು ತಿಳಿಸಿದ ರಾತ್ರಿ. ನೆನಪು ಹೀಗೆ ತಪ್ಪಿದ್ದರಲ್ಲೇ ಅವನ ಪ್ರೇಮದ ತಪ್ಪೊಪ್ಪಿಗೆ ಇದೆ. ತನ್ನಿಂದ ಆಕೆ ಅತ್ತಳು ಎಂಬುದನ್ನು ಸಹಿಸಲಾಗದೆ ಮನಸ್ಸು ಆ ಕಣ್ಣೀರನ್ನು ಚಿಕ್ಕಮ್ಮನ ಸಾವಿನ ಲೆಕ್ಕಕ್ಕೆ ಬರೆದಿತ್ತು. ಚಿತ್ರದಲ್ಲಿ ಅವನು ಬಾಗಿಲು ತೆರೆದು ಒಳಗೇ ಹೋಗುತ್ತಾನೆ, ಎಮ್ಮಾ ಥಾಂಪ್ಸನ್ ಅಳುತ್ತಿರುವುದನ್ನು ಕಣ್ಣಾರೆ ಕಾಣುತ್ತಾನೆ, ಮನೆಯ ಒಂದು ಮೂಲೆಯಲ್ಲಿ ಧೂಳು ಒರೆಸಿಲ್ಲ ಎಂದು ಹೇಳಿ ಹೊರಬರುತ್ತಾನೆ. ಆ ದೃಶ್ಯ ಚೂರಿಯ ಹಾಗೆ ಇರಿಯುತ್ತದೆ, ನಿಜ. ಆದರೆ ತಪ್ಪಿದ ನೆನಪು ಖಚಿತವಾದ ಘಟನೆಯಾಗಿ ಗಟ್ಟಿಯಾಯಿತು. ಕ್ಯಾಮೆರಾಗೆ 'ಬಹುಶಃ' ಎಂದು ಹೇಳಲು ಬರುವುದಿಲ್ಲ.

ರೂಪಾಂತರ ಮಾಡಬೇಕೆಂದಿರುವವರಿಗೆ ಇಲ್ಲೊಂದು ಕೆಲಸದ ಕ್ರಮ ಹೇಳಬಹುದು. ಕಾದಂಬರಿಯನ್ನು ಎರಡನೆಯ ಸಲ ಓದುವಾಗ ಕಾಗದದ ಮೇಲೆ ಮೂರು ಕಂಬಗಳನ್ನು ಎಳೆದುಕೊಳ್ಳಿ. ಮೊದಲ ಕಂಬದಲ್ಲಿ ನಿರೂಪಕರು ಹೇಳಿದ್ದು, ಎರಡನೆಯದರಲ್ಲಿ ನಿಜವಾಗಿ ನಡೆದದ್ದು, ಮೂರನೆಯದರಲ್ಲಿ ಆ ಹೊತ್ತಿಗೆ ಓದುಗರಿಗೆ ಬಂದ ಅನುಮಾನ. ಪ್ರತಿ ದೃಶ್ಯಕ್ಕೂ ಒಂದು ಸಾಲು. ಮೊದಲೆರಡು ಕಂಬ ಒಂದೇ ಆಗಿರುವ ದೃಶ್ಯಗಳು ನೇರವಾಗಿ ಚಿತ್ರಕಥೆಗೆ ಹೋಗುತ್ತವೆ. ಅವು ಬೇರೆಯಾಗುವ ಕಡೆಯೇ ಕಾದಂಬರಿಯ ಜೀವ ಇರುವುದು, ಅಲ್ಲಿ ಹೊಸದೇನಾದರೂ ಕಟ್ಟಬೇಕು. 'ರಿಮೇನ್ಸ್'ನಲ್ಲಿ ಇಂಥ ಸಾಲುಗಳು ಹತ್ತಾರು. ಸಾಮಾನ್ಯವಾಗಿ ಆಗುವ ತಪ್ಪು ಎಂದರೆ ಎರಡನೆಯ ಕಂಬವನ್ನಷ್ಟೇ ಚಿತ್ರೀಕರಿಸುವುದು. ಆಗ ಕಥೆಯ ಸಂಗತಿಗಳೆಲ್ಲ ಇರುತ್ತವೆ, ಮೂರನೆಯ ಕಂಬ ಖಾಲಿಯಾಗುತ್ತದೆ, ಪ್ರೇಕ್ಷಕರಿಗೆ ಕೆಲಸವೇ ಉಳಿಯುವುದಿಲ್ಲ.

ಮೂರನೆಯ ಕಂಬವನ್ನು ತುಂಬಿದ ಚಿತ್ರಕ್ಕೆ ನನಗೆ ತಿಳಿದ ಅತ್ಯುತ್ತಮ ಉದಾಹರಣೆ 'ಅಟೋನ್‌ಮೆಂಟ್'. ಮೆಕ್‌ಈವನ್ ಕಾದಂಬರಿ 2001ರದು, ಚಿತ್ರ 2007ರದು. ನಿರ್ದೇಶಕ ಜೋ ರೈಟ್, ಚಿತ್ರಕಥೆ ಕ್ರಿಸ್ಟೊಫರ್ ಹ್ಯಾಂಪ್ಟನ್. ಮೊದಲು ರಿಚರ್ಡ್ ಐರ್ ನಿರ್ದೇಶಿಸುವುದೆಂದಿತ್ತು. ರೈಟ್ ಬಂದ ಮೇಲೆ ಚಿತ್ರಕಥೆಯನ್ನು ಮತ್ತೆ ಬುಡದಿಂದ, ಕಾದಂಬರಿಗೆ ಹತ್ತಿರವಾಗಿ ಕಟ್ಟಿದರು.

1935ರ ಬೇಸಿಗೆಯ ಒಂದು ದಿನ. ಹದಿಮೂರು ವರ್ಷದ ಬ್ರೈಯೊನಿ ಕಿಟಕಿಯಿಂದ ನೋಡುತ್ತಾಳೆ: ಅಕ್ಕ ಸಿಸಿಲಿಯಾ ಕಾರಂಜಿಯ ಬಳಿ, ಮನೆಗೆಲಸದವಳ ಮಗ ರಾಬಿಯ ಎದುರು, ಬಟ್ಟೆ ಕಳಚಿ ನೀರಿಗೆ ಇಳಿಯುತ್ತಾಳೆ. ನಿಜಕ್ಕೂ ಅಲ್ಲಿ ನಡೆದದ್ದು ಹೂದಾನಿಯ ಜಗಳ. ಒಡೆದ ಚೂರು ನೀರಿಗೆ ಬಿದ್ದಿದೆ, ಆಕೆ ಹಟದಿಂದ ಅದನ್ನು ತೆಗೆಯಲು ಇಳಿದಿದ್ದಾಳೆ. ಕಾದಂಬರಿಯಲ್ಲಿ ಈ ಘಟನೆ ಮೊದಲು ಬರುವುದು ಎರಡನೆಯ ಅಧ್ಯಾಯದಲ್ಲಿ, ಸಿಸಿಲಿಯಾಳ ಕಡೆಯಿಂದ. ಬ್ರೈಯೊನಿ ಕಿಟಕಿಯಲ್ಲಿ ಕಂಡದ್ದು ಮೂರನೆಯ ಅಧ್ಯಾಯದಲ್ಲಿ. ಅಂದರೆ ಓದುಗರಿಗೆ ಸತ್ಯ ಮೊದಲೇ ಗೊತ್ತು, ಹುಡುಗಿ ಅದನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳುವುದನ್ನು ಅವರು ಮೇಲಿನಿಂದ ನೋಡುತ್ತಾರೆ. ಚಿತ್ರ ಈ ಕ್ರಮವನ್ನು ತಿರುಗಿಸಿತು. ಮೊದಲು ಕಿಟಕಿ, ಗಾಜಿಗೆ ಬಡಿಯುವ ಕೀಟದ ಗುಂಯ್‌ಗುಡುವಿಕೆ, ದೂರದಲ್ಲಿ ಎರಡು ಮೌನ ಆಕೃತಿಗಳು. ಆಮೇಲೆ ಕಾಲ ಹಿಂದಕ್ಕೆ ಹೋಗಿ ಅದೇ ದೃಶ್ಯ ಹತ್ತಿರದಿಂದ, ಮಾತಿನ ಸಮೇತ.

ಈ ಅದಲುಬದಲು ಯಾಕೆ ಬೇಕಾಯಿತು? ಪುಸ್ತಕದಲ್ಲಿ ಹಲವು ಪುಟಗಳ ಕಾಲ ಬ್ರೈಯೊನಿಯ ತಲೆಯೊಳಗೆ ಕೂತಿರಬಹುದು, ಆಕೆ ಎಲ್ಲಿ ಎಡವಿದಳು ಎಂದು ವಾಕ್ಯ ವಾಕ್ಯವಾಗಿ ತಿಳಿಯುತ್ತದೆ. ಸಿನಿಮಾದಲ್ಲಿ ಸತ್ಯವನ್ನು ಮೊದಲೇ ತೋರಿಸಿದ್ದರೆ ಕಿಟಕಿಯ ದೃಶ್ಯ ಬರೀ ಪುನರಾವರ್ತನೆಯಾಗುತ್ತಿತ್ತು, ಹುಡುಗಿ ದಡ್ಡಿಯಂತೆ ಕಾಣುತ್ತಿದ್ದಳು. ಅವಳು ಕಂಡದ್ದನ್ನು ನಮಗೂ ಮೊದಲು ತೋರಿಸಿದ್ದರಿಂದ ಅರ್ಧ ನಿಮಿಷದ ಮಟ್ಟಿಗಾದರೂ ನಾವೂ ಅವಳಷ್ಟೇ ತಪ್ಪಾಗಿ ಊಹಿಸಿರುತ್ತೇವೆ. ಮುಂದೆ, ಮನೆಗೆ ಬಂದಿದ್ದ ನೆಂಟರ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದವನು ರಾಬಿಯೇ ಎಂದು ಅವಳು ಸುಳ್ಳು ಸಾಕ್ಷಿ ಹೇಳುವಾಗ ಆ ಪಾಲುದಾರಿಕೆ ನಮ್ಮನ್ನು ಚುಚ್ಚುತ್ತದೆ. ಸಿಸಿಲಿಯಾ ಮತ್ತು ರಾಬಿ ಪ್ರೇಮದಲ್ಲಿ ಒಂದಾಗುವ ಲೈಬ್ರರಿಯ ದೃಶ್ಯಕ್ಕೂ ಇದೇ ಕ್ರಮ, ಮೊದಲು ಬ್ರೈಯೊನಿಯ ಕಣ್ಣು, ಆಮೇಲೆ ನಿಜ. ಅಲ್ಲಿ ಮಾತ್ರ ಕಾದಂಬರಿಯ ಕ್ರಮವೇ ಹಾಗಿತ್ತು, ಬದಲಿಸುವ ಅಗತ್ಯ ಬೀಳಲಿಲ್ಲ.

ಈಗ ಕಾದಂಬರಿಯ ದೊಡ್ಡ ಗುಟ್ಟಿಗೆ ಬರೋಣ. ಮೂರನೆಯ ಭಾಗದ ಕೊನೆಯಲ್ಲಿ ಬಿ.ಟಿ., ಲಂಡನ್, 1999 ಎಂಬ ಸಹಿ ಇದೆ. ಬಿ.ಟಿ. ಎಂದರೆ ಬ್ರೈಯೊನಿ ಟ್ಯಾಲಿಸ್. ಅಲ್ಲಿಯವರೆಗೆ ಯಾರೋ ತಟಸ್ಥ ಲೇಖಕರು ಹೇಳಿದ್ದು ಎಂದುಕೊಂಡ ಕಥೆಯೆಲ್ಲ ಅವಳೇ ಬರೆದದ್ದು. ಸಿಸಿಲಿಯಾ ಮತ್ತು ರಾಬಿ ಮತ್ತೆ ಒಂದಾದದ್ದು ಅವಳ ಕಲ್ಪನೆ. ನಿಜದಲ್ಲಿ ಅವನು ಎರಡನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ಡನ್‌ಕರ್ಕ್ ಸಮೀಪದ ಬ್ರೇ ಡ್ಯೂನ್ಸ್‌ನಲ್ಲಿ, ಅವಳು ಬಾಲಮ್ ಸುರಂಗ ರೈಲು ನಿಲ್ದಾಣದ ಮೇಲೆ ಬಾಂಬು ಬಿದ್ದಾಗ, 1940ರಲ್ಲೇ ಸತ್ತಿದ್ದರು. ಒಂದು ಸಹಿಯಿಂದ ಹಿಂದಿನ ಪುಟಗಳೆಲ್ಲ ಬಣ್ಣ ಬದಲಿಸುವುದು ಪುಸ್ತಕಕ್ಕೆ ಸುಲಭ. ಎರಡು ಗಂಟೆ ಕಣ್ಣಾರೆ ಕಂಡದ್ದನ್ನು 'ಇದು ಬರಹ' ಎಂದು ಒಪ್ಪಿಸುವುದು ಸಿನಿಮಾಗೆ ಹೇಗೆ ಸಾಧ್ಯ?

ರೈಟ್ ಮತ್ತು ಸಂಗೀತಗಾರ ಡಾರಿಯೊ ಮರಿಯಾನೆಲ್ಲಿ ಕಂಡುಕೊಂಡ ಉತ್ತರ ಟೈಪ್‌ರೈಟರ್. ಚಿತ್ರ ಶುರುವಾಗುವುದೇ ಕೀಲಿಗಳ ಸದ್ದಿನಿಂದ, ಊರು ಮತ್ತು ಇಸವಿ ತೆರೆಯ ಮೇಲೆ ಅಕ್ಷರ ಅಕ್ಷರವಾಗಿ ಟೈಪ್ ಆಗುತ್ತವೆ. ಬ್ರೈಯೊನಿ ತನ್ನ ನಾಟಕವನ್ನು ಟೈಪ್ ಮಾಡಿ ಮುಗಿಸಿ ಎದ್ದು ನಡೆದರೂ ಸದ್ದು ನಿಲ್ಲುವುದಿಲ್ಲ. ಅದು ತಾಳವಾದ್ಯವಾಗಿ ಸಂಗೀತದೊಳಗೆ ಸೇರಿ, ಮನೆಯುದ್ದಕ್ಕೂ ಅವಳ ಹೆಜ್ಜೆಗಳ ಜೊತೆ ನಡೆಯುತ್ತದೆ. ಯಾರೂ ಟೈಪ್ ಮಾಡುತ್ತಿಲ್ಲದ ದೃಶ್ಯಗಳಲ್ಲೂ ಟೈಪ್‌ರೈಟರ್ ಕೇಳುತ್ತದೆ. ರಾಬಿಯನ್ನು ಪೊಲೀಸರು ಒಯ್ಯುವಾಗ ಅವನ ತಾಯಿ ಛತ್ರಿಯಿಂದ ಕಾರಿಗೆ ಬಡಿಯುವ ಏಟುಗಳೂ ಸಂಗೀತದ ಲಯದೊಳಗೆ ಸೇರಿಹೋಗುತ್ತವೆ. ಇದನ್ನೆಲ್ಲ ಯಾರೋ ಬರೆಯುತ್ತಿದ್ದಾರೆ ಎಂಬ ಸುಳಿವು ಮೊದಲ ನಿಮಿಷದಿಂದಲೇ ಕಿವಿಯಲ್ಲಿದೆ, ಅದು ಸುಳಿವು ಎಂದು ಮಾತ್ರ ತಿಳಿಯುವುದಿಲ್ಲ. ಕಾದಂಬರಿಯ ಸಹಿಗೆ ತೆರೆಯಲ್ಲಿ ಇಷ್ಟು ಸರಿಸಮನಾದ ಇನ್ನೊಂದು ಉಪಾಯವನ್ನು ನಾನು ಕಂಡಿಲ್ಲ. ಮರಿಯಾನೆಲ್ಲಿಗೆ ಆಸ್ಕರ್ ಸಿಕ್ಕಿತು, ಚಿತ್ರಕ್ಕೆ ಸಿಕ್ಕ ಆಸ್ಕರ್ ಅದೊಂದೇ.

ಡನ್‌ಕರ್ಕ್ ಕಡಲತೀರದ ಐದು ನಿಮಿಷ ಮೀರಿದ ಒಂದೇ ಶಾಟ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಕಾದಂಬರಿಯ ಎರಡನೆಯ ಭಾಗ ಪೂರ್ತಿ ಜೈಲಿನಿಂದ ಸೈನ್ಯಕ್ಕೆ ಸೇರಿದ ರಾಬಿಯ ನಡಿಗೆ, ಹಿಮ್ಮೆಟ್ಟುವ ಸೈನ್ಯದ ಜೊತೆ. ಯುದ್ಧದ ದೃಶ್ಯಗಳನ್ನು ಬಿಡಿ ಬಿಡಿಯಾಗಿ ತೆಗೆಯಲು ಬೇಕಾದ ದಿನಗಳು, ಹಣ ಇರಲಿಲ್ಲ. ಇಂಗ್ಲೆಂಡಿನ ಈಶಾನ್ಯದ ರೆಡ್‌ಕಾರ್ ಕಡಲತೀರದಲ್ಲಿ ಸುಮಾರು ಒಂದು ಸಾವಿರ ಸ್ಥಳೀಯರನ್ನು ಸೈನಿಕರನ್ನಾಗಿಸಿ, ತಾಲೀಮು ಮಾಡಿಸಿ, ಸಂಜೆಯ ಬೆಳಕಿನಲ್ಲಿ ಸ್ಟೆಡಿಕ್ಯಾಮ್ (ನಡೆಯುವಾಗಲೂ ಚಿತ್ರ ಅಲುಗದಂತೆ ಮೈಗೆ ಕಟ್ಟಿಕೊಳ್ಳುವ ಕ್ಯಾಮೆರಾ) ಹೊತ್ತು ಒಂದೇ ಉಸಿರಿಗೆ ತೆಗೆದರು. ಚಿತ್ರದಲ್ಲಿರುವುದು ಮೂರನೆಯ ಟೇಕ್. ಕುದುರೆಗಳಿಗೆ ಗುಂಡಿಕ್ಕುವವರು, ಸಂಗೀತ ಮಂಟಪದಲ್ಲಿ ಪ್ರಾರ್ಥನಾ ಗೀತೆ ಹಾಡುವವರು, ಸುಮ್ಮನೆ ಕುಡಿದು ಬಿದ್ದವರು, ಎಲ್ಲರನ್ನೂ ದಾಟಿ ಕ್ಯಾಮೆರಾ ಸಾಗುತ್ತದೆ. ಇದು ಪ್ರದರ್ಶನಕ್ಕಾಗಿ ಮಾಡಿದ ಕಸರತ್ತು ಎಂಬ ಟೀಕೆ ಇದೆ. ಅರ್ಧ ಒಪ್ಪುತ್ತೇನೆ. ಎಲ್ಲೂ ಕತ್ತರಿಸದ ಈ ಶಾಟ್ ನೋಡುಗರಿಗೆ 'ಇದು ನಡೆದದ್ದೇ' ಎಂಬ ಭರವಸೆ ಕೊಡುತ್ತದೆ, ಮುಂದೆ ಆ ಭರವಸೆಯೇ ಒಡೆಯಬೇಕಿದೆ. ಆ ಲೆಕ್ಕದಲ್ಲಿ ಅದಕ್ಕೆ ಕಥೆಯೊಳಗೊಂದು ಕೆಲಸ ಇದೆ. ಆದರೆ ಐದು ನಿಮಿಷದಲ್ಲಿ ರಾಬಿ ಬರೀ ಪ್ರೇಕ್ಷಕನಾಗಿಬಿಡುತ್ತಾನೆ, ಜ್ವರದಲ್ಲಿ ಕುದಿಯುತ್ತಿದ್ದ ಕಾದಂಬರಿಯ ರಾಬಿ ಹಿಂದಕ್ಕೆ ಸರಿಯುತ್ತಾನೆ.

ಬ್ರೈಯೊನಿ ಮೂರು ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತಾಳೆ: ಸರ್ಷಾ ರೋನನ್, ರೊಮೋಲಾ ಗರೈ, ವನೆಸ್ಸಾ ರೆಡ್‌ಗ್ರೇವ್. ಮೂವರ ಮುಖಗಳಲ್ಲಿ ಹೋಲಿಕೆ ಕಡಿಮೆ. ಕೆನ್ನೆಯ ಮಚ್ಚೆ, ಒಂದೇ ಬಗೆಯಲ್ಲಿ ಕತ್ತರಿಸಿ ಬದಿಗೆ ಪಿನ್ನು ಹಾಕಿದ ಕೂದಲು, ಇಷ್ಟರಿಂದ ಕೆಲಸ ಮುಗಿಸಿದರು. ಕೊನೆಯ ಭಾಗ ಕಾದಂಬರಿಯಲ್ಲಿ 77 ವರ್ಷದ ಬ್ರೈಯೊನಿಯ ಸ್ವಗತ, ಹುಟ್ಟುಹಬ್ಬದ ಕೂಟ, ಮರೆವಿನ ಕಾಯಿಲೆಯ ಸುದ್ದಿ. ಚಿತ್ರದಲ್ಲಿ ಅದು ಟಿವಿ ಸಂದರ್ಶನ. ಸ್ವಗತವನ್ನು ಮಾತಾಗಿಸಲು ಎದುರಿಗೊಬ್ಬರು ಬೇಕು, ಸಂದರ್ಶಕ ಅದಕ್ಕೆ ನೇರ ದಾರಿ. ಆದರೆ ಬೆಲೆ ತೆತ್ತಿದ್ದಾರೆ. ಕಾದಂಬರಿಯಲ್ಲಿ ಆ ಅತ್ಯಾಚಾರದ ನಿಜವಾದ ಅಪರಾಧಿ ಮಾರ್ಷಲ್ ಮತ್ತು ಅವನ ಹೆಂಡತಿ ಬದುಕಿರುವ ತನಕ ಮಾನನಷ್ಟದ ಭಯದಿಂದ ಪುಸ್ತಕ ಹೊರಬರುವಂತಿಲ್ಲ. ಅವಳ ಪ್ರಾಯಶ್ಚಿತ್ತ ಅವಳು ಬದುಕಿದ್ದಾಗ ಯಾರಿಗೂ ತಲುಪದೇ ಹೋಗಬಹುದು. ಟಿವಿಯಲ್ಲಿ ಹೇಳಿಬಿಟ್ಟರೆ ಆ ಕಹಿ ಎಲ್ಲಿ ಉಳಿಯಿತು? ರೆಡ್‌ಗ್ರೇವ್ ಅವರ ಮುಖ ಆ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ, ಪೂರ್ತಿ ಅಲ್ಲ.

ಇನ್ನು ಕೈತಪ್ಪಿದ ಒಂದು ಪ್ರಯತ್ನ. ಇಷಿಗುರೊ ಅವರದೇ 'ನೆವರ್ ಲೆಟ್ ಮಿ ಗೋ', ಕಾದಂಬರಿ 2005, ಚಿತ್ರ 2010, ನಿರ್ದೇಶಕ ಮಾರ್ಕ್ ರೊಮಾನೆಕ್, ಚಿತ್ರಕಥೆ ಅಲೆಕ್ಸ್ ಗಾರ್ಲಂಡ್. ಹೇಲ್‌ಶಾಮ್ ಎಂಬ ವಸತಿಶಾಲೆಯ ಮಕ್ಕಳು ಅಂಗಾಂಗ ಕೊಡುವುದಕ್ಕಾಗಿಯೇ ತಯಾರಾದ ತದ್ರೂಪಿಗಳು. ಕಾದಂಬರಿಯಲ್ಲಿ ಆ ಮಕ್ಕಳಲ್ಲೊಬ್ಬಳಾದ ನಿರೂಪಕಿ ಕ್ಯಾಥಿ ಇದನ್ನು ಮುಚ್ಚಿಡುವುದೂ ಇಲ್ಲ, ಬಿಡಿಸಿ ಹೇಳುವುದೂ ಇಲ್ಲ. ದಾನ, ಆರೈಕೆ ಮುಂತಾದ ಮಾತುಗಳನ್ನು ನಮಗೆ ಮೊದಲೇ ಗೊತ್ತಿದೆ ಎಂಬಂತೆ ಬಳಸುತ್ತ ಹೋಗುತ್ತಾಳೆ. ಮಕ್ಕಳಿಗೆ ತಮ್ಮ ಗತಿ ಹೇಗೆ ಹೇಳಿಯೂ ಹೇಳದಂತೆ ತಿಳಿಯಿತೋ ಓದುಗರಿಗೂ ಹಾಗೆಯೇ ತಿಳಿಯಬೇಕು. ಚಿತ್ರ ಮೊದಲ ನಿಮಿಷದಲ್ಲೇ ತೆರೆಯ ಮೇಲೆ ಬರೆದು ತೋರಿಸುತ್ತದೆ: 1952ರಲ್ಲಿ ವೈದ್ಯವಿಜ್ಞಾನದ ಮಹಾಶೋಧ, 1967ರ ಹೊತ್ತಿಗೆ ಸರಾಸರಿ ಆಯುಷ್ಯ 100 ದಾಟಿತು. ಜಾಣ ಪ್ರೇಕ್ಷಕರಿಗೆ ಉಳಿದದ್ದನ್ನು ಊಹಿಸಲು ಇಷ್ಟು ಸಾಕು. ಶಾಲೆಯ ಭಾಗದಲ್ಲೇ ಶಿಕ್ಷಕಿ ಮಿಸ್ ಲೂಸಿ ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಾರೆ. ಮೂರನೆಯ ಕಂಬ ಮೊದಲ ಅರ್ಧ ಗಂಟೆಯಲ್ಲೇ ಬರಿದು.

ಇದೇ ಚಿತ್ರದಲ್ಲಿ ಮಕ್ಕಳು ಮುಂಗೈಗೆ ಕಟ್ಟಿದ ಪಟ್ಟಿಯನ್ನು ಬಾಗಿಲ ಬಳಿಯ ಯಂತ್ರಕ್ಕೆ ತೋರಿಸಿ ಒಳಗೆ ಹೊರಗೆ ಹೋಗುತ್ತಾರೆ. ಕಾದಂಬರಿಯಲ್ಲಿ ಇದು ಇಲ್ಲ. ಇವರೇಕೆ ಓಡಿಹೋಗುವುದಿಲ್ಲ ಎಂಬ ಪ್ರಶ್ನೆಗೆ ಸಿನಿಮಾ ಒಂದು ಯಂತ್ರವನ್ನು ಉತ್ತರವಾಗಿ ಕೊಟ್ಟಿತು. ಪುಸ್ತಕದಲ್ಲಿ ಉತ್ತರ ಕ್ಯಾಥಿಯ ದನಿಯಲ್ಲೇ ಇದೆ. ಓಡಿಹೋಗುವ ಯೋಚನೆಗೆ ಜಾಗವೇ ಇಲ್ಲದಂತೆ ಬೆಳೆದ ಮನಸ್ಸು ಹೀಗೆಯೇ ಮಾತಾಡುತ್ತದೆ. ಮುಂಗೈಯ ಪಟ್ಟಿ ಆ ಭಯಾನಕ ಸಂಗತಿಯನ್ನು ಜೈಲಿನ ಮಟ್ಟಕ್ಕೆ ಇಳಿಸಿತು. ಕ್ಯಾಥಿಯಾಗಿ ಕ್ಯಾರಿ ಮಲಿಗನ್ ನಟನೆ ಅಪೂರ್ವವಾಗಿದೆ, ಆದರೆ ನಟರ ಮೇಲೆ ಇಷ್ಟೆಲ್ಲ ಭಾರ ಹೊರಿಸಬಾರದಿತ್ತು.

ಹಾಗಾದರೆ ಹಿನ್ನೆಲೆ ಧ್ವನಿಯಲ್ಲಿ ನಿರೂಪಕರನ್ನೇ ಮಾತಾಡಿಸಿದರೆ ಆಗದೆ? ಆಗುತ್ತದೆ, ಒಂದು ಷರತ್ತಿನ ಮೇಲೆ: ಕೇಳುವುದೂ ಕಾಣುವುದೂ ಒಂದೇ ಆಗಿರಬಾರದು. ಹೆಲ್ಲರ್ ಅವರ 2003ರ 'ನೋಟ್ಸ್ ಆನ್ ಎ ಸ್ಕ್ಯಾಂಡಲ್' 2006ರಲ್ಲಿ ರಿಚರ್ಡ್ ಐರ್ ನಿರ್ದೇಶನದಲ್ಲಿ ಚಿತ್ರವಾಯಿತು, ಚಿತ್ರಕಥೆ ನಾಟಕಕಾರ ಪ್ಯಾಟ್ರಿಕ್ ಮಾರ್ಬರ್. ವಿದ್ಯಾರ್ಥಿಯೊಂದಿಗೆ ಸಂಬಂಧ ಬೆಳೆಸಿದ ಶಿಕ್ಷಕಿ ಶೀಬಾಳ ಕಥೆಯನ್ನು ಅವಳ ಸಹೋದ್ಯೋಗಿ ಬಾರ್ಬರಾ ಹೇಳುತ್ತಾಳೆ. ಬಾರ್ಬರಾ ಪಾತ್ರದ ಜೂಡಿ ಡೆಂಚ್ ಡೈರಿಯಲ್ಲಿ ಬರೆದುಕೊಳ್ಳುವ ವಿಷದ ಮಾತುಗಳು ನಮ್ಮ ಕಿವಿಗೆ ಬೀಳುತ್ತಿರುವಾಗ ತೆರೆಯ ಮೇಲೆ ಅವರು ಸಹೋದ್ಯೋಗಿಯ ಎದುರು ಸೌಜನ್ಯದ ನಗೆ ನಗುತ್ತಿರುತ್ತಾರೆ. ನಡುವಿನ ಅಂತರವೇ ಕಥೆ. ಜೊತೆಗೆ ಡೈರಿ ಒಂದು ವಸ್ತು, ಕೈಗೆ ಸಿಗುತ್ತದೆ. ಕೇಟ್ ಬ್ಲ್ಯಾಂಚೆಟ್ ಪಾತ್ರದ ಶೀಬಾ ಅದನ್ನು ಓದಿದ ಕ್ಷಣ ನಿರೂಪಣೆಯೇ ಘಟನೆಯಾಗುತ್ತದೆ. ನನ್ನ ತಕರಾರು ಮುಕ್ತಾಯದ ಬಗ್ಗೆ. ಕಾದಂಬರಿಯ ಶೀಬಾ ಎಲ್ಲ ತಿಳಿದ ಮೇಲೂ ಬೇರೆ ಗತಿಯಿಲ್ಲದೆ ಬಾರ್ಬರಾಳ ಹಿಡಿತದಲ್ಲೇ ಉಳಿಯುತ್ತಾಳೆ. ಚಿತ್ರದ ಶೀಬಾ ಮನೆಗೆ ಮರಳುತ್ತಾಳೆ, ಬಾರ್ಬರಾ ಬೆಂಚಿನ ಮೇಲೆ ಇನ್ನೊಬ್ಬಳನ್ನು ಮಾತಿಗೆಳೆಯುತ್ತಾಳೆ. ಮೊದಲನೆಯದು ಉಸಿರುಗಟ್ಟಿಸುತ್ತದೆ, ಎರಡನೆಯದು ರೋಚಕ ಚಿತ್ರದ ರೂಢಿಯ ಮುಗಿತಾಯ.

'ಟ್ರೇನ್‌ಸ್ಪಾಟಿಂಗ್' ಇನ್ನೊಂದು ಜಾತಿ. ಇರ್ವಿನ್ ವೆಲ್ಷ್ ಅವರ 1993ರ ಪುಸ್ತಕದಲ್ಲಿ ನಿರೂಪಕರು ಹಲವರು, ಎಡಿನ್‌ಬರದ ಲೀತ್ ಭಾಗದ ಆಡುಮಾತನ್ನು ಕೇಳಿದ ಹಾಗೆಯೇ ಅಕ್ಷರಕ್ಕೆ ಇಳಿಸಿದ್ದಾರೆ. ವೃತ್ತಿಯಲ್ಲಿ ವೈದ್ಯರಾಗಿದ್ದ ಚಿತ್ರಕಥೆಗಾರ ಜಾನ್ ಹಾಜ್ ಅಷ್ಟೂ ದನಿಗಳಲ್ಲಿ ಮಾದಕವ್ಯಸನಿ ರೆಂಟನ್ ಒಬ್ಬನನ್ನು ಉಳಿಸಿಕೊಂಡರು. ಪುಸ್ತಕದ ಒಳಗೆಲ್ಲೋ ಬರುವ, ಬದುಕನ್ನು ಆರಿಸಿಕೊಳ್ಳಿ ಎಂಬ ಬೋಧನೆಯನ್ನು ಹಂಗಿಸುವ ಭಾಗವನ್ನು ಹಿಗ್ಗಿಸಿ, ಚಿತ್ರದ ಮೊದಲ ಕ್ಷಣಕ್ಕೆ ತಂದು, ಪ್ರಿನ್ಸಸ್ ಸ್ಟ್ರೀಟಿನಲ್ಲಿ ಓಡುವ ಕಾಲುಗಳ ಮೇಲೆ ಕೂರಿಸಿದರು. 1996ರ ಈ ಡ್ಯಾನಿ ಬಾಯ್ಲ್ ಚಿತ್ರ ಕೇವಲ 94 ನಿಮಿಷ. ಕಥೆ ಎಡಿನ್‌ಬರದ್ದಾದರೂ ಚಿತ್ರೀಕರಣ ಬಹುಪಾಲು ಗ್ಲಾಸ್ಗೋದಲ್ಲಿ. ಅಮೆರಿಕದ ಬಿಡುಗಡೆಗೆ ಮೊದಲ ಇಪ್ಪತ್ತು ನಿಮಿಷದ ಸಂಭಾಷಣೆಯನ್ನು ನಟರಿಂದ ಮತ್ತೆ ಹೇಳಿಸಿ ಡಬ್ ಮಾಡಿದರು, ಕಿವಿ ಆ ಉಚ್ಚಾರಕ್ಕೆ ಹೊಂದಿಕೊಂಡ ಮೇಲೆ ಉಳಿದದ್ದು ಅರ್ಥವಾಗುತ್ತದೆ ಎಂಬ ಎಣಿಕೆಯಿಂದ.

ಕಾದಂಬರಿಕಾರರೇ ಚಿತ್ರಕಥೆ ಬರೆದರೆ ಸಮಸ್ಯೆ ಬಗೆಹರಿಯುತ್ತದೆ ಎಂದು ನಂಬುವವರು 'ಆನ್ ಚೆಸಿಲ್ ಬೀಚ್' ನೋಡಬೇಕು. 1962ರ ಜುಲೈಯಲ್ಲಿ ಮದುವೆಯ ಮೊದಲ ರಾತ್ರಿಯೇ ಬೇರೆಯಾಗುವ ಎಡ್ವರ್ಡ್ ಮತ್ತು ಫ್ಲಾರೆನ್ಸ್ ಕಥೆ. ಕಾದಂಬರಿಯ ಕೊನೆಯಲ್ಲಿ ಮೆಕ್‌ಈವನ್ ನಲವತ್ತು ವರ್ಷಗಳನ್ನು ಕೆಲವೇ ಪುಟಗಳಲ್ಲಿ ದಾಟಿಬಿಡುತ್ತಾರೆ. ಫ್ಲಾರೆನ್ಸ್ ವಿಗ್‌ಮೋರ್ ಹಾಲ್‌ನಲ್ಲಿ ಪಿಟೀಲು ನುಡಿಸುವಾಗ, ಹಿಂದೊಮ್ಮೆ ಅವನು ಕೂರುತ್ತೇನೆ ಎಂದಿದ್ದ 9ಸಿ ಆಸನದ ಕಡೆ ಅವಳ ಕಣ್ಣು ಹೋಗುತ್ತದೆ. ಅವನು ಅಲ್ಲಿಲ್ಲ. ಅಷ್ಟೇ. 2017ರ ಚಿತ್ರಕ್ಕೆ ಅವರೇ ಚಿತ್ರಕಥೆ ಬರೆದರು. ಅದರಲ್ಲಿ ಫ್ಲಾರೆನ್ಸ್‌ಳ ಮಗಳು ಎಡ್ವರ್ಡ್‌ನ ಧ್ವನಿಮುದ್ರಿಕೆಯ ಅಂಗಡಿಗೆ ಬರುತ್ತಾಳೆ, 2007ರಲ್ಲಿ ಮುದಿ ಎಡ್ವರ್ಡ್ ಫ್ಲಾರೆನ್ಸ್‌ಳ ಬೀಳ್ಕೊಡುಗೆಯ ಸಂಗೀತ ಕಛೇರಿಗೆ ಹೋಗಿ ಕಣ್ಣೀರಿಡುತ್ತಾನೆ. ಇಪ್ಪತ್ತರ ಹರೆಯದ ನಟರ ಮುಖಕ್ಕೆ ಸುಕ್ಕಿನ ಮೇಕಪ್ ಮೆತ್ತಿದ್ದು ಎದ್ದು ಕಾಣುತ್ತದೆ. ನಲವತ್ತು ವರ್ಷ ಏನೂ ಆಗಲಿಲ್ಲ ಎಂಬುದನ್ನು ಗದ್ಯ ಒಂದು ವಾಕ್ಯದಲ್ಲಿ ಹೇಳಬಲ್ಲದು. ಸಿನಿಮಾಗೆ ಏನಾದರೂ ಆಗಲೇಬೇಕು. 'ಅಟೋನ್‌ಮೆಂಟ್' ನಟಿಯನ್ನೇ ಬದಲಿಸಿ ಪಾರಾದ ಜಾಗದಲ್ಲಿ ಇದು ಸಿಕ್ಕಿಕೊಂಡಿತು.

ಅದೇ ವರ್ಷ ಮುಂಬೈನ ನಿರ್ದೇಶಕ ರಿತೇಶ್ ಬಾತ್ರಾ, ಬಾರ್ನ್ಸ್ ಅವರ 2011ರ ಬುಕರ್ ವಿಜೇತ 'ದಿ ಸೆನ್ಸ್ ಆಫ್ ಆನ್ ಎಂಡಿಂಗ್' ಅನ್ನು ತೆರೆಗೆ ತಂದರು. ಪುಸ್ತಕ ಪುಟ್ಟದು, ಅದರ ಹೊಡೆತ ಒಂದು ಪತ್ರದಲ್ಲಿದೆ. ತಾನು ಯೌವನದಲ್ಲಿ ಏನೋ ಕೊಂಚ ಖಾರವಾಗಿ ಬರೆದಿದ್ದೆ ಎಂದು ನಿರೂಪಕ ಟೋನಿ ಮೊದಲೇ ಸಾರಾಂಶ ಹೇಳಿರುತ್ತಾನೆ. ನಲವತ್ತು ವರ್ಷಗಳ ಮೇಲೆ ಪತ್ರದ ಪೂರ್ಣ ಪಾಠ ಎದುರಾಗುತ್ತದೆ, ಅದರ ಕ್ರೌರ್ಯ ಓದಲಾಗದಷ್ಟು. ಸಾರಾಂಶಕ್ಕೂ ಪತ್ರಕ್ಕೂ ನಡುವಿನ ದೂರವೇ ಇಡೀ ಕಾದಂಬರಿ. ಜಿಮ್ ಬ್ರಾಡ್‌ಬೆಂಟ್ ಅವರ ಟೋನಿ ನೋಡಿದ ಕೂಡಲೇ ಇಷ್ಟವಾಗುವ ಮನುಷ್ಯ. ಚಿತ್ರ ಮಗಳ ಬಸಿರು ಬಾಣಂತನವನ್ನೂ ಸೇರಿಸಿ ಅವನನ್ನು ಕುಟುಂಬದ ಮಡಿಲಿಗೆ ಮರಳಿಸುತ್ತದೆ. ಬಾರ್ನ್ಸ್ ಅವನನ್ನು ಅಶಾಂತಿಯಲ್ಲೇ ಬಿಟ್ಟಿದ್ದರು.

ಇಂಥ ಮೆತ್ತಗಿನ ಮುಕ್ತಾಯಗಳಿಗೆ ಬರಹಗಾರರನ್ನಷ್ಟೇ ದೂರಿದರೆ ಸಾಲದು. ಕಾದಂಬರಿಯ ಹಕ್ಕು ಸಾಮಾನ್ಯವಾಗಿ 12 ಅಥವಾ 18 ತಿಂಗಳ ಆಪ್ಷನ್ ರೂಪದಲ್ಲಿ, ಅಂದರೆ ಅಷ್ಟು ಕಾಲ ಕಾದಿರಿಸಿದ ಹಕ್ಕಾಗಿ ಹೋಗುತ್ತದೆ. ಪೂರ್ಣ ಬೆಲೆಯ ಸುಮಾರು ಶೇಕಡಾ 10 ಮುಂಗಡ, ಉಳಿದದ್ದು ಚಿತ್ರೀಕರಣ ಶುರುವಾದರೆ ಮಾತ್ರ. ಅಷ್ಟರೊಳಗೆ ಚಿತ್ರಕಥೆ ಬರೆಸಿ, ನಟರನ್ನು ಒಪ್ಪಿಸಿ, ಹಲವು ಕಡೆಯಿಂದ ಹಣ ಕೂಡಿಸಬೇಕು. ಹಣ ಹಾಕುವವರು ಓದುವುದು ಚಿತ್ರಕಥೆಯನ್ನು, ಕಾದಂಬರಿಯನ್ನಲ್ಲ. ಐದನೆಯ ದಿನ ಯಾಕಿಲ್ಲ ಎಂಬ ಸೂಕ್ಷ್ಮ ಆ 120 ಪುಟಗಳಲ್ಲಿ ಎದ್ದು ಕಾಣುವುದಿಲ್ಲ. 'ಕೊನೆಗೆ ಇವರಿಗೆ ಏನು ಸಿಕ್ಕಿತು' ಎಂಬ ಪ್ರಶ್ನೆ ಮಾತ್ರ ಪ್ರತಿ ಸಭೆಯಲ್ಲೂ ಏಳುತ್ತದೆ.

ಮಾತಿನ ನಂತರ ಬಂದ ಪ್ರಶ್ನೆಗಳಲ್ಲಿ ಒಂದಕ್ಕೆ ಇಲ್ಲಿಯೂ ಉತ್ತರ ಬರೆಯುವುದು ಒಳ್ಳೆಯದು: ಮೊದಲು ಓದಬೇಕೋ, ನೋಡಬೇಕೋ? ಎಲ್ಲದಕ್ಕೂ ಒಂದೇ ಉತ್ತರ ಇಲ್ಲ. 'ನೆವರ್ ಲೆಟ್ ಮಿ ಗೋ' ಕಡ್ಡಾಯವಾಗಿ ಮೊದಲು ಓದಿ. ಚಿತ್ರದ ಮೊದಲ ಎರಡು ವಾಕ್ಯಗಳೇ ನಿಮ್ಮಿಂದ ಕಿತ್ತುಕೊಳ್ಳುವುದನ್ನು ಮತ್ತೆ ಪಡೆಯಲಾಗದು. 'ಟ್ರೇನ್‌ಸ್ಪಾಟಿಂಗ್' ಮೊದಲು ನೋಡಿ. ಆ ಉಚ್ಚಾರ ಕಿವಿಯಲ್ಲಿ ಕೂತ ಮೇಲೆ, ಕಣ್ಣಿಗೆ ಒಗಟಿನಂತೆ ಕಾಣುವ ವೆಲ್ಷ್ ಕಾಗುಣಿತವನ್ನು ಗಟ್ಟಿಯಾಗಿ ಓದಿಕೊಂಡರೆ ತಾನಾಗಿ ಬಿಡಿಸಿಕೊಳ್ಳುತ್ತದೆ. 'ರಿಮೇನ್ಸ್' ಯಾವ ಕ್ರಮದಲ್ಲಾದರೂ ನಡೆಯುತ್ತದೆ, ಆದರೆ ಹಾಪ್ಕಿನ್ಸ್ ಮುಖ ಒಮ್ಮೆ ಕಂಡರೆ ಓದುವಾಗ ಅದನ್ನು ಪಕ್ಕಕ್ಕಿಡುವುದು ಕಷ್ಟ. 'ಅಟೋನ್‌ಮೆಂಟ್' ಓದಿ, ನೋಡಿ, ಆಮೇಲೆ ಇನ್ನೊಮ್ಮೆ ಮೊದಲ ಇಪ್ಪತ್ತು ನಿಮಿಷವನ್ನು ಚಿತ್ರಕ್ಕೆ ಬೆನ್ನು ಹಾಕಿ ಬರೀ ಕೇಳಿ. ಟೈಪ್‌ರೈಟರ್ ಎಲ್ಲೆಲ್ಲಿ ಬರುತ್ತದೆ, ಆ ಹೊತ್ತಿಗೆ ತೆರೆಯ ಮೇಲೆ ಯಂತ್ರ ಇರಬೇಕಿತ್ತೇ ಎಂದು ಗುರುತು ಹಾಕಿಕೊಳ್ಳಿ.